ಪಕ್ಕದ ಹೊಗೆಕೊಳವೆ: ಸದ್ದೆಷ್ಟು, ಶಕ್ತಿಯೆಷ್ಟು?

ಹಗುರವಾದ ಸ್ಪೋರ್ಟ್ಸ್ ಕಾರುಗಳನ್ನು ಇಟ್ಟುಕೊಂಡವರಲ್ಲಿ ಒಂದು ಹಂಬಲವು ಬಹುಕಾಲದಿಂದ ಬೇರೂರಿದೆ. ಕಾರಿನ ಅಡಿಯಲ್ಲಿ ಹಿಂದಿನ ತುದಿಯವರೆಗೂ ಸಾಗುವ ಹೊಗೆಕೊಳವೆಯನ್ನು ನಡುವೆಯೇ ಕತ್ತರಿಸಿ, ಬಾಗಿಲಿನ ಕೆಳಗೆ, ಹಿಂದಿನ ಚಕ್ರಕ್ಕೆ ತುಸು ಮುಂದೆ, ಪಕ್ಕಕ್ಕೆ ತಿರುಗಿಸಿ ಬಿಡಬೇಕೆಂಬುದೇ ಆ ಹಂಬಲ. ಹೀಗೆ ಮಾಡಿದರೆ ಹೊಗೆಗೆ ದಾರಿ ಹತ್ತಿರವಾಗುತ್ತದೆ, ಎಂಜಿನ್ನಿನ ಉಸಿರಾಟ ಸರಾಗವಾಗುತ್ತದೆ, ಕಾರಿನ ತೂಕ ಇಳಿಯುತ್ತದೆ, ಒಟ್ಟಿನಲ್ಲಿ ವೇಗವು ಹೆಚ್ಚುತ್ತದೆ ಎಂಬುದು ಅವರ ವಾದ. ಈ ವಾದದಲ್ಲಿ ಸತ್ಯವೇ ಇಲ್ಲವೆನ್ನಲಾಗದು. ಆದರೆ ಸತ್ಯವೆಷ್ಟು, ಭ್ರಮೆಯೆಷ್ಟು ಎಂಬುದನ್ನು ಅಳೆದು ನೋಡುವವರು ವಿರಳ. ಅಳೆಯುವುದಕ್ಕೆ ದೊಡ್ಡ ಪ್ರಯೋಗಶಾಲೆಯೇನೂ ಬೇಕಿಲ್ಲ. ಕಾಲೇಜಿನ ಮೊದಲ ವರ್ಷಗಳಲ್ಲಿ ಕಲಿಸುವ ಭೌತವಿಜ್ಞಾನವೇ ಸಾಕು. ನಮ್ಮ ಅಭಿಪ್ರಾಯವನ್ನು ಮೊದಲಿಗೇ ತಿಳಿಸಿಬಿಡುವುದು ಲೇಸು. ಪಕ್ಕದ ಕೊಳವೆಯಿಂದ ಸದ್ದು ಬೆಳೆದಷ್ಟು ಶಕ್ತಿ ಬೆಳೆಯುವುದಿಲ್ಲ. ಮತ್ತು ಅದರ ಲಾಭವು ಒಡೆಯನಿಗೆ ಸಂದರೆ, ನಷ್ಟದ ಬಹುಪಾಲು ನೆರೆಹೊರೆಯವರಿಗೆ ಸಲ್ಲುತ್ತದೆ.

ಈ ಹಂಬಲದ ಮೂಲವನ್ನು ಅರಿಯಬೇಕಾದರೆ ಇಂಗ್ಲೆಂಡಿನ ಕಡೆಗೆ ನೋಡಬೇಕು. 1957ರಲ್ಲಿ ಕಾಲಿನ್ ಚ್ಯಾಪ್‌ಮನ್ ಎಂಬ ಎಂಜಿನಿಯರು ಲೋಟಸ್ ಸೆವೆನ್ ಎಂಬ ಪುಟ್ಟ ಕಾರನ್ನು ಹೊರತಂದನು. ತೆಳ್ಳನೆಯ ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಅಲ್ಯುಮಿನಿಯಮ್ ತಗಡು, ಇಬ್ಬರು ಕೂರುವಷ್ಟು ಜಾಗ. ಒಟ್ಟು ತೂಕ ಅರ್ಧ ಟನ್ನಿನ ಆಸುಪಾಸು. 1973ರಲ್ಲಿ ಈ ಕಾರಿನ ಹಕ್ಕನ್ನು ಕೇಟರಮ್ ಎಂಬ ಸಂಸ್ಥೆಯು ಪಡೆದು ತಯಾರಿಕೆಯನ್ನು ಮುಂದುವರಿಸಿತು. ಅದು 2021ರಲ್ಲಿ ಹೊರತಂದ 170 ಎಂಬ ಮಾದರಿಯ ತೂಕ ಸುಮಾರು 440 ಕಿಲೋಗ್ರಾಂ ಮಾತ್ರ. ಸೆವೆನ್ ಬಳಗದ ಅನೇಕ ಕಾರುಗಳಲ್ಲಿ ಹೊಗೆಕೊಳವೆಯು ಎಂಜಿನ್ನಿನ ಮಗ್ಗುಲಿನಿಂದಲೇ ಹೊರಬಿದ್ದು, ಒಡಲಿನ ಹೊರಗೇ ಸಾಗಿ, ಹಿಂದಿನ ಚಕ್ರದ ಮುಂದೆ ಕೊನೆಗೊಳ್ಳುತ್ತದೆ. ಇದು ಅಲಂಕಾರಕ್ಕಾಗಿ ಮಾಡಿದ್ದಲ್ಲ. ನೆಲಕ್ಕೆ ಅಷ್ಟು ತಗ್ಗಿದ ಕಾರಿನ ಅಡಿಯಲ್ಲಿ ಕೊಳವೆಗೂ ಸೈಲೆನ್ಸರಿಗೂ ಎಡೆಯೇ ಇಲ್ಲ. ಆದುದರಿಂದ ಪಕ್ಕದ ಕೊಳವೆ ಅಲ್ಲಿ ರಚನೆಯ ಸಹಜವಾದ ಫಲ.

ಇದಕ್ಕೆ ವ್ಯತಿರಿಕ್ತವಾಗಿ 1989ರಲ್ಲಿ ಜಪಾನಿನಿಂದ ಬಂದ ಮಾಜ್ದಾ ಎಂಎಕ್ಸ್-5 ಕಾರನ್ನು ನೋಡೋಣ. ಇದೂ ಹಗುರವಾದ, ಇಬ್ಬರು ಕೂರುವ ತೆರೆದ ಕಾರೇ. 2016ರಲ್ಲಿ ಹತ್ತು ಲಕ್ಷದ ಸಂಖ್ಯೆಯನ್ನು ಮುಟ್ಟಿದ ಜನಪ್ರಿಯ ವಾಹನ. ಇದರ ಹೊಗೆಕೊಳವೆಯು ಕಾರಿನ ಉದ್ದಕ್ಕೂ ಅಡಿಯಲ್ಲಿ ಹರಿದು, ಹಿಂಭಾಗದಲ್ಲಿ ಒಂದು ದೊಡ್ಡ ಸೈಲೆನ್ಸರಿನ ಮೂಲಕ ಹೊರಬೀಳುತ್ತದೆ. ಸೆವೆನ್ ಕಾರಿಗೆ ಪಕ್ಕದ ಕೊಳವೆ ಹುಟ್ಟಿನಿಂದ ಬಂದುದಾದರೆ, ಇಂಥ ಕಾರಿಗೆ ಅದು ಹೊರಗಿನಿಂದ ಹೇರಿದ ಬದಲಾವಣೆ. ನಮ್ಮ ವಿಚಾರಣೆ ಮುಖ್ಯವಾಗಿ ಈ ಎರಡನೆಯ ಬಗೆಯದು.

ಹೊಗೆಕೊಳವೆಯ ಕೆಲಸ ಹೊಗೆಯನ್ನು ಹೊರಗೆ ಸಾಗಿಸುವುದಷ್ಟೇ ಎಂದು ಹಲವರು ತಿಳಿದಿದ್ದಾರೆ. ವಾಸ್ತವವಾಗಿ ಅದು ಕೊಳಲಿನಂತೆ ಒಂದು ಧ್ವನಿಯಂತ್ರ. ಸಿಲಿಂಡರಿನ ಹೊರಬಿಡುವ ಕವಾಟವು ತೆರೆದ ಕೂಡಲೆ ಒಳಗಿನ ಬಿಸಿ ಅನಿಲವು ನುಗ್ಗಿ ಬಂದು, ಕೊಳವೆಯಲ್ಲಿ ಒತ್ತಡದ ಒಂದು ಅಲೆಯನ್ನು ಎಬ್ಬಿಸುತ್ತದೆ. ಈ ಅಲೆಯು ಅನಿಲಕ್ಕಿಂತ ಬಹಳ ಮುಂದಾಗಿ ಶಬ್ದದ ವೇಗದಲ್ಲಿ ಓಡುತ್ತದೆ. ಕೊಳವೆಯು ಹಠಾತ್ತನೆ ಅಗಲವಾಗುವ ಅಥವಾ ತೆರೆದುಕೊಳ್ಳುವ ಸ್ಥಳವನ್ನು ತಲುಪಿದಾಗ ಅಲೆಯ ಒಂದು ಭಾಗ ಹಿಂದಿರುಗುತ್ತದೆ. ಆದರೆ ಹಿಂದಿರುಗುವಾಗ ಅದು ಒತ್ತುವ ಅಲೆಯಾಗಿರದೆ ಹೀರುವ ಅಲೆಯಾಗಿರುತ್ತದೆ. ಅದು ಸರಿಯಾದ ಗಳಿಗೆಯಲ್ಲಿ ಕವಾಟಕ್ಕೆ ಬಂದು ಮುಟ್ಟಿದರೆ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಹೊರಕ್ಕೆ ಸೆಳೆದು, ಹೊಸ ಗಾಳಿಗೆ ಎಡೆಮಾಡಿಕೊಡುತ್ತದೆ. ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸುವ ಗುಟ್ಟು ಇದೇ.

ಈ ಗುಟ್ಟು ಕೊಳವೆಯ ಯಾವ ಭಾಗದಲ್ಲಿದೆ? ಲೆಕ್ಕ ಹಾಕಿ ನೋಡೋಣ. ಸುಮಾರು 600 ಡಿಗ್ರಿ ಸೆಂಟಿಗ್ರೇಡಿನ ಹೊಗೆಯಲ್ಲಿ ಶಬ್ದದ ವೇಗವು ಸೆಕೆಂಡಿಗೆ 560 ಮೀಟರಿನಷ್ಟು. ಎಂಜಿನ್ನಿನಿಂದ ನಾಲ್ಕು ಕವಲುಗಳು ಹೊರಟು ಒಂದುಗೂಡುವ ಜಾಗಕ್ಕೆ 75 ಸೆಂಟಿಮೀಟರು ದೂರವಿದ್ದರೆ, ಅಲೆಯು ಹೋಗಿ ಬರುವ ದಾರಿ ಒಂದೂವರೆ ಮೀಟರು. ತಗಲುವ ಕಾಲ ಸೆಕೆಂಡಿನ ಸಾವಿರದಲ್ಲಿ 2.7 ಭಾಗ. ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನ್ನು ಅಷ್ಟರಲ್ಲಿ ಸುಮಾರು 96 ಡಿಗ್ರಿ ತಿರುಗಿರುತ್ತದೆ. ಹೊರಬಿಡುವ ಕವಾಟವು ತೆರೆದಿರುವುದು 200 ಡಿಗ್ರಿಗೂ ಹೆಚ್ಚು ಕಾಲ. ಅಂದರೆ ಅಲೆಯ ಆಟವೆಲ್ಲ ಬಹುಮಟ್ಟಿಗೆ ಎಂಜಿನ್ನಿನ ಸಮೀಪದ ಈ ಕವಲುಗಳ ಉದ್ದಕ್ಕೆ ಸೇರಿದ್ದು. ಅವು ಕೂಡಿದ ಮೇಲೆ, ವಿಷಾನಿಲಗಳನ್ನು ಪರಿಷ್ಕರಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ದಾಟಿದ ಮೇಲೆ, ಉಳಿದ ಕೊಳವೆಯು ಹಿಂದಕ್ಕೆ ಹೋಗಲಿ, ಪಕ್ಕಕ್ಕೆ ಹೋಗಲಿ, ಆ ಆಟದಲ್ಲಿ ಅದರ ಪಾತ್ರ ಅಲ್ಪ. ಪಕ್ಕದ ಕೊಳವೆಯನ್ನು ಜೋಡಿಸುವವರು ಸಾಮಾನ್ಯವಾಗಿ ಬದಲಿಸುವುದು ಈ ಅಲ್ಪಪಾತ್ರದ ಭಾಗವನ್ನೇ.

ಹಾಗಾದರೆ ದಾರಿ ಹತ್ತಿರವಾದುದರ ಲಾಭವೇನು? ಕೊಳವೆಯ ಗೋಡೆಗಳ ತಿಕ್ಕಾಟವೂ ತಿರುವುಗಳ ಅಡಚಣೆಯೂ ಕಡಿಮೆಯಾಗುತ್ತವೆ, ನಿಜ. ಇದನ್ನೂ ಅಂದಾಜು ಮಾಡಬಹುದು. 1.6 ಲೀಟರಿನ ಎಂಜಿನ್ನು ನಿಮಿಷಕ್ಕೆ 6000 ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 80 ಗ್ರಾಂ ಗಾಳಿಯನ್ನು ಸೇದುತ್ತದೆ. ಅದು ಸುಟ್ಟು ಹೊಗೆಯಾಗಿ 5 ಸೆಂಟಿಮೀಟರು ಅಗಲದ ಕೊಳವೆಯಲ್ಲಿ ಹರಿಯುವಾಗ ಅದರ ವೇಗ ಸೆಕೆಂಡಿಗೆ 85 ಮೀಟರಿನ ಸುಮಾರಿಗೆ ಇರುತ್ತದೆ. ಎರಡು ಮೀಟರು ಕೊಳವೆಯನ್ನೂ ಮೂರು ನಾಲ್ಕು ತಿರುವುಗಳನ್ನೂ ತೆಗೆದುಹಾಕಿದರೆ ಉಳಿಯುವ ಒತ್ತಡ ವಾಯುಮಂಡಲದ ಒತ್ತಡದ ನೂರರಲ್ಲಿ ನಾಲ್ಕು ಪಾಲು. ಈ ಒತ್ತಡದ ವಿರುದ್ಧ ಹೊಗೆಯನ್ನು ತಳ್ಳಲು ಎಂಜಿನ್ನು ವ್ಯಯಿಸುತ್ತಿದ್ದ ಶಕ್ತಿ 300 ವಾಟಿನ ಆಸುಪಾಸು, ಎಂದರೆ ಅರ್ಧ ಅಶ್ವಶಕ್ತಿಗಿಂತ ಕಡಿಮೆ. ಸಿಲಿಂಡರು ಇನ್ನಷ್ಟು ಚೆನ್ನಾಗಿ ತೆರವಾಗುವುದರಿಂದ ಬರುವ ಲಾಭವನ್ನು ಉದಾರವಾಗಿ ಸೇರಿಸಿಕೊಂಡರೂ ಒಂದು ಅಶ್ವಶಕ್ತಿ. ಮೊದಲ ತಲೆಮಾರಿನ ಎಂಎಕ್ಸ್-5 ಕಾರಿನ ಶಕ್ತಿ ಸುಮಾರು 115 ಅಶ್ವಶಕ್ತಿ. ಇದರಲ್ಲಿ ಒಂದು ಹೆಚ್ಚಾದರೆ ಚಾಲಕನ ಬೆನ್ನಿಗೆ ಅದು ತಿಳಿಯುವ ಸಂಭವವಿಲ್ಲ. ಇನ್ನು ಊರೊಳಗಿನ ರಸ್ತೆಯಲ್ಲಿ ನಿಮಿಷಕ್ಕೆ 2500 ಸುತ್ತಿನಲ್ಲಿ ಹೋಗುವಾಗಲಂತೂ, ತಿಕ್ಕಾಟವು ವೇಗದ ವರ್ಗಕ್ಕನುಗುಣವಾಗಿ ಇಳಿಯುವ ಕಾರಣ, ಈ ಲಾಭ ಹೆಸರಿಗೂ ಉಳಿಯದು.

ತೂಕದ ಮಾತಿನಲ್ಲಿ ಇದಕ್ಕಿಂತ ಹೆಚ್ಚು ಹುರುಳಿದೆ. ಹಿಂದಿನ ದೊಡ್ಡ ಸೈಲೆನ್ಸರನ್ನೂ ಅದರ ಕೊಳವೆಯನ್ನೂ ಕಳಚಿ ಪಕ್ಕದಲ್ಲಿ ಚಿಕ್ಕದೊಂದನ್ನು ಜೋಡಿಸಿದಾಗ 8 ಕಿಲೋಗ್ರಾಂ ಉಳಿಯಿತೆನ್ನೋಣ. ಕಾರಿನ ಹಿಂದಿನ ಕೊನೆಯಲ್ಲಿದ್ದ ತೂಕ ಹೋದುದರಿಂದ ತಿರುವುಗಳಲ್ಲಿ ಕಾರು ಇನ್ನಿಷ್ಟು ಚುರುಕಾಗಿ ತಿರುಗುವುದೂ ನಿಜ. ಆದರೆ 45 ಲೀಟರಿನ ತೊಟ್ಟಿ ತುಂಬ ಪೆಟ್ರೋಲು ಸುಮಾರು 33 ಕಿಲೋಗ್ರಾಂ ತೂಗುತ್ತದೆ. ಕಾಲುಭಾಗ ತೊಟ್ಟಿಯನ್ನು ತುಂಬಿಸದೆ ಬಿಟ್ಟರೆ ಅದೇ 8 ಕಿಲೋಗ್ರಾಂ ಉಳಿದಂತಾಯಿತು. ಅದಕ್ಕೆ ಗರಗಸವೂ ಬೇಡ, ಬೆಸುಗೆಯೂ ಬೇಡ.

ಲೆಕ್ಕವು ಹೀಗಿದ್ದರೂ, ಪಕ್ಕದ ಕೊಳವೆಯನ್ನು ಜೋಡಿಸಿಕೊಂಡವರು ಕಾರು ಬಲವಾಯಿತೆಂದು ಪ್ರಾಮಾಣಿಕವಾಗಿಯೇ ಸಾಕ್ಷಿ ನುಡಿಯುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರ ಕಿವಿ ಅವರನ್ನು ವಂಚಿಸುತ್ತಿದೆ. ಕೊಳವೆಯ ಬಾಯಿ ಹಿಂಭಾಗದಲ್ಲಿದ್ದಾಗ ಚಾಲಕನ ಕಿವಿಗೆ ಅದು ಮೂರು ಮೀಟರು ದೂರವಿತ್ತು. ಪಕ್ಕಕ್ಕೆ ಬಂದ ಮೇಲೆ ಒಂದು ಮೀಟರಾಯಿತು. ಶಬ್ದದ ತೀವ್ರತೆಯು ದೂರದ ವರ್ಗಕ್ಕೆ ವಿಲೋಮವಾಗಿ ಬದಲಾಗುವುದೆಂಬ ನಿಯಮವನ್ನು ವಾಚಕರು ಬಲ್ಲರು. ದೂರವು ಮೂರನೆಯ ಒಂದು ಪಾಲಾದರೆ ತೀವ್ರತೆ ಒಂಬತ್ತು ಪಟ್ಟಾಗುತ್ತದೆ. ಡೆಸಿಬೆಲ್ಲಿನಲ್ಲಿ ಹೇಳುವುದಾದರೆ ಸುಮಾರು ಒಂಬತ್ತೂವರೆ ಹೆಚ್ಚುತ್ತದೆ. ಹತ್ತು ಡೆಸಿಬೆಲ್ ಏರಿದರೆ ಮನುಷ್ಯನ ಕಿವಿಗೆ ಸದ್ದು ಸರಿಸುಮಾರು ಇಮ್ಮಡಿಯಾದಂತೆ ತೋರುತ್ತದೆ. ಎಂಜಿನ್ನು ಒಂದು ಕೂದಲಿನಷ್ಟೂ ಬದಲಾಗದಿದ್ದರೂ, ಸೈಲೆನ್ಸರು ಮೊದಲಿನಷ್ಟೇ ಸಮರ್ಥವಾಗಿದ್ದರೂ, ಬಾಯಿ ಹತ್ತಿರ ಬಂದುದರಿಂದಲೇ ಎಂಜಿನ್ನಿನ ಗರ್ಜನೆ ಎರಡರಷ್ಟಾಗಿ ಕೇಳುತ್ತದೆ. ಗರ್ಜನೆಯನ್ನು ಕೇಳಿದ ಮನಸ್ಸು ಅದನ್ನು ಶಕ್ತಿಯೆಂದು ಬಗೆಯುತ್ತದೆ. ತೂಕವನ್ನು ಕಣ್ಣಿನಿಂದ ಅಳೆಯಲಾಗದೆಂದು ಒಪ್ಪುವ ನಾವು, ಶಕ್ತಿಯನ್ನು ಮಾತ್ರ ಕಿವಿಯಿಂದ ಅಳೆಯಹೊರಡುವುದು ವಿಚಿತ್ರವಲ್ಲವೇ?

ಸೈಲೆನ್ಸರು ಮೊದಲಿನಷ್ಟೇ ಸಮರ್ಥವಾಗಿದ್ದರೆ ಎಂದೆವು. ಸಾಮಾನ್ಯವಾಗಿ ಅದು ಹಾಗಿರುವುದಿಲ್ಲ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಬಾರಿ ಹೊಗೆಯನ್ನು ಉಗುಳುತ್ತದೆ. ಈ ತಗ್ಗು ಸ್ವರದ ಅಲೆಯ ಉದ್ದವು ಹೊರಗಿನ ಗಾಳಿಯಲ್ಲಿ 3.4 ಮೀಟರು. ಇಷ್ಟು ಉದ್ದದ ಅಲೆಯನ್ನು ಅಡಗಿಸಲು ಅಗಲವಾದ ಕೋಣೆಗಳುಳ್ಳ, ತಕ್ಕಷ್ಟು ಗಾತ್ರದ ಸೈಲೆನ್ಸರು ಬೇಕು. ಗಾಜಿನ ನಾರನ್ನು ತುಂಬಿದ ಸಣ್ಣ ಡಬ್ಬಿಯು ಕಿರುಗುಟ್ಟುವ ಎತ್ತರದ ಸ್ವರಗಳನ್ನು ಚೆನ್ನಾಗಿ ಹೀರುತ್ತದೆ. ಗುಡುಗುವ ತಗ್ಗು ಸ್ವರಗಳ ಮೇಲೆ ಅದರ ಆಟ ಸಾಗದು. ಬಾಗಿಲಿನ ಕೆಳಗೆ ದೊಡ್ಡ ಸೈಲೆನ್ಸರಿಗೆ ಜಾಗವೆಲ್ಲಿ? ಗೋಡೆಗಳನ್ನೂ ಕಿಟಕಿಗಳನ್ನೂ ದಾಟಿ ಬಂದು ಮಲಗಿದ ಮಗುವನ್ನು ಎಬ್ಬಿಸುವುದು ಆ ತಗ್ಗು ಸ್ವರವೇ ಎಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ. ಚಾಲಕನಿಗೂ ಅಪಾಯವಿಲ್ಲದಿಲ್ಲ. ಕೆಲಸಗಾರರ ಆರೋಗ್ಯವನ್ನು ಕುರಿತು ಸಂಶೋಧಿಸುವ ಅಮೆರಿಕದ ಸರಕಾರಿ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಮೂರು ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್ಲಿಗೆ ಬರುವ ಹೊತ್ತಿಗೆ ಉಳಿಯುವುದು ಹದಿನೈದೇ ನಿಮಿಷ.

ಸದ್ದಿಗಿಂತ ಕ್ರೂರವಾದುದು ಸದ್ದಿಲ್ಲದ ಶತ್ರು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿದ ಒಲವಿನಿಂದ ಇದನ್ನು ಹಿಡಿದುಕೊಳ್ಳುತ್ತದೆ. ಕ್ಯಾಟಲಿಟಿಕ್ ಕನ್ವರ್ಟರು ಇದನ್ನು ಬಹುಪಾಲು ಇಂಗಾಲಾಮ್ಲವನ್ನಾಗಿ ಮಾರ್ಪಡಿಸುವುದು ದಿಟ. ಆದರೆ ಅದು 250–300 ಡಿಗ್ರಿಯಷ್ಟು ಕಾಯುವವರೆಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಮುಂಜಾನೆ ಆಗತಾನೆ ಹೊರಟ ಕಾರಿನ ಹೊಗೆಯು ಆದುದರಿಂದಲೇ ಹೆಚ್ಚು ವಿಷಮಯ. ತೆರೆದ ಕಾರಿನಲ್ಲಿ ಗಾಳಿಯು ಮುಂಗಾಜಿನ ಮೇಲೆ ಹಾದುಹೋಗಿ, ಆಸನಗಳ ಹಿಂದೆ ಸುಳಿಯಾಗಿ, ಹಿಂದಿನಿಂದ ಮುಂದಕ್ಕೆ ಕುಳಿತವರ ಕತ್ತಿನ ಮೇಲೆ ಬೀಸುವುದನ್ನು ಅಂಥ ಕಾರಿನಲ್ಲಿ ಕುಳಿತವರೆಲ್ಲ ಬಲ್ಲರು. ಕೊಳವೆಯ ಬಾಯಿ ಆಸನಗಳ ನೇರಕ್ಕೋ ಅದಕ್ಕಿಂತ ಮುಂದಕ್ಕೋ ಇದ್ದರೆ, ಒಡಲಿನ ಅಂಚಿನ ಒಳಗೇ ಮುಗಿದರೆ, ಆ ಸುಳಿಯು ಹೊಗೆಯನ್ನೂ ಒಳಕ್ಕೆ ಸೆಳೆದುಕೊಳ್ಳುತ್ತದೆ. ಹಿಂಭಾಗದ ಬಾಯಿಗೆ ಹೋಲಿಸಿದರೆ ಪಕ್ಕದ ಬಾಯಿ ದಾರಿಹೋಕರಿಗೂ ಹತ್ತಿರ. ತೂಕ ಇಳಿಸುವ ನೆಪದಲ್ಲಿ ಕನ್ವರ್ಟರನ್ನೇ ಕಿತ್ತೆಸೆಯುವವರ ಬಗ್ಗೆ ನಾವು ಹೆಚ್ಚು ಹೇಳಬೇಕಿಲ್ಲ. ಅದು ಹವ್ಯಾಸವಲ್ಲ, ಅಪರಾಧ.

ಶಾಖದ ಮಾತೂ ಉಂಟು. ಓಡುತ್ತಿರುವ ಎಂಜಿನ್ನಿನ ಹೊಗೆಕೊಳವೆಯ ಮೈ ನೂರಾರು ಡಿಗ್ರಿ ಕಾದಿರುತ್ತದೆ. ಇಳಿಯುವಾಗ ಕಾಲಿನ ಮೀನಖಂಡ ಅದಕ್ಕೆ ತಾಗಿದರೆ ಸುಡಲು ಕ್ಷಣಾರ್ಧ ಸಾಕು. ಸೆವೆನ್ ಕಾರಿನ ಕೊಳವೆಗಳಿಗೆ ರಂಧ್ರಗಳುಳ್ಳ ತಗಡಿನ ಕಾಪು ಹಾಕುವುದು ಇದಕ್ಕಾಗಿಯೇ. ಇನ್ನೊಂದು, ಲೋಹವು ಕಾದರೆ ಹಿಗ್ಗುತ್ತದೆ. ಒಂದೂವರೆ ಮೀಟರು ಉದ್ದದ ತುಕ್ಕು ಹಿಡಿಯದ ಉಕ್ಕಿನ ಕೊಳವೆಯು 400 ಡಿಗ್ರಿ ಕಾದಾಗ ಸುಮಾರು ಒಂದು ಸೆಂಟಿಮೀಟರು ಉದ್ದವಾಗುತ್ತದೆ. ಎಂಜಿನ್ನು ರಬ್ಬರಿನ ಆಧಾರಗಳ ಮೇಲೆ ಅಲುಗಾಡುತ್ತಲೇ ಇರುತ್ತದೆ. ಬಾಗುವ ಕೀಲನ್ನೂ ರಬ್ಬರಿನ ತೂಗುಪಟ್ಟಿಗಳನ್ನೂ ಇಡದೆ ಕೊಳವೆಯನ್ನು ಚೌಕಟ್ಟಿಗೆ ಬಿಗಿದವನು ಕೆಲವು ತಿಂಗಳಲ್ಲೇ ಬೆಸುಗೆಯ ಬಿರುಕನ್ನು ಕಾಣುತ್ತಾನೆ. ಬಿರುಕು ಬಿಟ್ಟ ಕೊಳವೆ ಎಂದರೆ ಆಸನದ ಕೆಳಗೇ ಹೊಗೆ ಸೋರುವ ಕೊಳವೆ.

ಇಷ್ಟೆಲ್ಲ ಹೇಳಿದರೂ, ಸದ್ದು ಕಾರಿನ ಒಡೆಯನ ಸ್ವಂತ ವಿಷಯ, ಇತರರಿಗೇಕೆ ಉಸಾಬರಿ ಎನ್ನುವವರಿದ್ದಾರೆ. ಇತಿಹಾಸವು ಬೇರೆಯ ಪಾಠವನ್ನು ಕಲಿಸುತ್ತದೆ. ಇಂಗ್ಲೆಂಡಿನಲ್ಲಿ 1907ರಲ್ಲಿ ತೆರೆದ ಬ್ರೂಕ್‌ಲ್ಯಾಂಡ್ಸ್ ಓಟದಂಗಳದ ನೆರೆಯವರು ಸದ್ದನ್ನು ಸಹಿಸಲಾರದೆ 1920ರ ದಶಕದ ಮಧ್ಯದಲ್ಲಿ ನ್ಯಾಯಾಲಯಕ್ಕೆ ಹೋದರು. ಅದರ ಫಲವಾಗಿ ಅಲ್ಲಿ ಓಡುವ ಕಾರುಗಳಿಗೆ ದೊಡ್ಡ ಸೈಲೆನ್ಸರುಗಳು ಕಡ್ಡಾಯವಾದವು. ಅವುಗಳಿಗೆ ಅಂಗಳದ ಹೆಸರೇ ನಿಂತಿತು. ಸುಮಾರು ಎಂಬತ್ತೈದು ವರ್ಷಗಳ ತರುವಾಯ ಯಾರ್ಕ್‌ಷೈರಿನ ಕ್ರಾಫ್ಟ್ ಓಟದಂಗಳದಲ್ಲಿ ಅದೇ ಕಥೆ ಮರುಕಳಿಸಿತು. ನೆರೆಯವರ ದಾವೆಯನ್ನು ವಿಚಾರಿಸಿದ ಮೇಲ್ಮನವಿ ನ್ಯಾಯಾಲಯವು 2009ರಲ್ಲಿ, ಹೆಚ್ಚು ಸದ್ದಿನ ಓಟಗಳನ್ನು ವರ್ಷಕ್ಕೆ ನಲವತ್ತು ದಿನಗಳಿಗೆ ಮಿತಿಗೊಳಿಸಿತು. ಇಂದು ಬ್ರಿಟನ್ನಿನ ಅನೇಕ ಅಂಗಳಗಳಲ್ಲಿ ಕಾರು ಒಳಗೆ ಬರುವ ಮುನ್ನವೇ ಕೊಳವೆಯ ಬಾಯಿಯಿಂದ ಅರ್ಧ ಮೀಟರು ದೂರದಲ್ಲಿ, 45 ಡಿಗ್ರಿ ಓರೆಯಾಗಿ ಮಾಪಕವನ್ನು ಹಿಡಿದು ಸದ್ದನ್ನು ಅಳೆಯುತ್ತಾರೆ. ಮಿತಿ ಮೀರಿದ ಕಾರಿಗೆ ಪ್ರವೇಶವಿಲ್ಲ. ರಸ್ತೆಗೂ ಕಾನೂನುಂಟು: ಹೊಗೆಕೊಳವೆಯನ್ನಾಗಲಿ ಸೈಲೆನ್ಸರನ್ನಾಗಲಿ ಸದ್ದು ಹೆಚ್ಚುವಂತೆ ಬದಲಿಸಕೂಡದೆಂದು ಅಲ್ಲಿನ 1986ರ ನಿಯಮಗಳು ವಿಧಿಸುತ್ತವೆ. ಅಬ್ಬರಿಸುವ ಒಂದೊಂದು ಕಾರೂ ಸದ್ದಿಲ್ಲದೆ ಓಡಿಸುವ ಇತರ ಉತ್ಸಾಹಿಗಳ ಅಂಗಳವನ್ನೇ ಕಸಿದುಕೊಳ್ಳಬಲ್ಲದು.

ಸೆವೆನ್ ಕಾರಾಗಲಿ ಎಂಎಕ್ಸ್-5 ಆಗಲಿ ನಮ್ಮ ಕನ್ನಡ ನಾಡಿನ ರಸ್ತೆಗಳಲ್ಲಿ ಅಪರೂಪ. ಹಾಗೆಂದು ಈ ಚರ್ಚೆ ನಮಗೆ ಹೊರಗಿನದಲ್ಲ. ಕಿವಿಯ ಅದೇ ಭ್ರಮೆಯು ನಮ್ಮಲ್ಲಿ ಮೋಟಾರ್ ಸೈಕಲ್ಲುಗಳ ರೂಪದಲ್ಲಿ ಬೀದಿ ಬೀದಿಯಲ್ಲಿ ಗುಡುಗುತ್ತಿದೆ. ಕಾರ್ಖಾನೆಯ ಸೈಲೆನ್ಸರನ್ನು ತೆಗೆದು ಬರಿಯ ಕೊಳವೆಯನ್ನು ಸಿಕ್ಕಿಸಿಕೊಂಡ ತರುಣನೂ ತನ್ನ ಗಾಡಿ ಬಲವಾಯಿತೆಂದೇ ನಂಬಿರುತ್ತಾನೆ. ನಮ್ಮ ದೇಶದ ಕೇಂದ್ರ ಮೋಟಾರು ವಾಹನ ನಿಯಮಗಳು, 1989, ಹೊಗೆಯನ್ನು ಕೆಳಮುಖವಾಗಿಯಾಗಲಿ ವಾಹನದ ಎಡಕ್ಕಾಗಲಿ ಬಿಡಬಾರದೆಂದು ಸಾಮಾನ್ಯವಾಗಿ ವಿಧಿಸುತ್ತವೆ. ಎಡಗಡೆ ಸಂಚರಿಸುವ ದೇಶದಲ್ಲಿ ರಸ್ತೆಯ ಅಂಚೂ ಅಲ್ಲಿ ನಡೆಯುವವರೂ ವಾಹನದ ಎಡಕ್ಕೇ ಇರುತ್ತಾರೆಂಬುದನ್ನು ನೆನೆದರೆ ಈ ನಿಯಮದ ಔಚಿತ್ಯ ತಾನಾಗಿಯೇ ತಿಳಿಯುತ್ತದೆ. ಶಾಲೆಗೆ ಹೋಗುವ ಮಗುವಿನ ಮುಖವು ಕಾರಿನ ಕೊಳವೆಯ ಬಾಯಿಗೆ ದೊಡ್ಡವರ ಮುಖಕ್ಕಿಂತ ಎಷ್ಟು ಸಮೀಪ!

ನಾವು ಸದ್ದಿನ ಸೊಬಗನ್ನು ಅರಿಯದವರಲ್ಲ. ಚೆನ್ನಾಗಿ ಹದಗೊಳಿಸಿದ ಎಂಜಿನ್ನಿನ ನಾದದಲ್ಲಿ ಒಂದು ಸಂತೋಷವಿದೆ. ತನ್ನ ಕೈಯಾರೆ ಕೊಳವೆಯನ್ನು ಬಗ್ಗಿಸಿ ಬೆಸೆದು ಜೋಡಿಸುವುದರಲ್ಲಿ ಅದಕ್ಕಿಂತ ಹೆಚ್ಚಿನ ಸಂತೋಷವಿದೆ. ಈ ಹವ್ಯಾಸವನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಪಕ್ಕದ ಕೊಳವೆಯೇ ಬೇಕೆಂಬ, ಕಾನೂನೂ ಅದಕ್ಕೆ ಅವಕಾಶ ಕೊಡುವಲ್ಲಿ ಇರುವ, ಉತ್ಸಾಹಿಯು ಕೆಲವು ಕಟ್ಟಳೆಗಳನ್ನು ತನಗೆ ತಾನೇ ವಿಧಿಸಿಕೊಳ್ಳಲಿ. ಕನ್ವರ್ಟರನ್ನು ಮುಟ್ಟದಿರಲಿ. ಜಾಗ ಒಪ್ಪುವಷ್ಟು ದೊಡ್ಡ ಸೈಲೆನ್ಸರನ್ನು ಇಡಲಿ. ಕೊಳವೆಯ ಬಾಯಿ ಕುಳಿತವರ ಹಿಂದಕ್ಕೂ ಒಡಲಿನ ಅಂಚಿನಿಂದ ಹೊರಕ್ಕೂ ಇರಲಿ. ಅದು ಕಾಲುದಾರಿಯ ಕಡೆಗೆ ತೆರೆಯದಿರಲಿ. ಕಾಪುತಗಡನ್ನೂ ಬಾಗುವ ಕೀಲನ್ನೂ ಮರೆಯದಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಕೊಳವೆಯನ್ನು ಕತ್ತರಿಸುವ ಮುನ್ನ ಒಮ್ಮೆ, ಜೋಡಿಸಿದ ಮೇಲೆ ಇನ್ನೊಮ್ಮೆ, ಸದ್ದನ್ನು ಮಾಪಕದಿಂದಲೂ ಶಕ್ತಿಯನ್ನು ಚಕ್ರಗಳ ಬಲವನ್ನಳೆಯುವ ಡೈನಮೋಮೀಟರಿನಿಂದಲೂ ಅಳೆಸಿ, ಎರಡು ಸಂಖ್ಯೆಗಳನ್ನೂ ಒಂದೇ ಹಾಳೆಯಲ್ಲಿ ಬರೆದಿಡಲಿ.

ಆ ಹಾಳೆಯಲ್ಲಿ ಅಶ್ವಶಕ್ತಿಯ ಸಾಲಿಗಿಂತ ಡೆಸಿಬೆಲ್ಲಿನ ಸಾಲು ಉದ್ದವಾಗಿ ಬೆಳೆದಿದ್ದರೆ, ತಾನು ಕೊಂಡದ್ದು ಏನನ್ನು, ಅದರ ಬೆಲೆಯನ್ನು ತೆತ್ತವರು ಯಾರು ಎಂಬುದು ಅವನಿಗೇ ಸ್ಪಷ್ಟವಾಗುವುದು. ಅಷ್ಟಾದ ಮೇಲೂ ಆ ಕೊಳವೆಯನ್ನು ಉಳಿಸಿಕೊಳ್ಳಬೇಕೇ ಬೇಡವೇ ಎಂಬುದನ್ನು, ಒಂದು ದಿನ ತನ್ನ ಕಾರನ್ನು ಬೇರೊಬ್ಬರಿಗೆ ಓಡಿಸಲು ಕೊಟ್ಟು, ತಾನು ರಸ್ತೆಯಂಚಿನ ಮನೆಯ ಜಗಲಿಯಲ್ಲಿ ಕುಳಿತು ಅವನು ತೀರ್ಮಾನಿಸಲಿ.